ಎರಡು ಸಲ ಕುರ್ಚಿ ಬಿಟ್ಟವನ ಮನೆ

(ಹ್ಯೂಸ್ಟನ್ ಊರಿನ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ, ಅಲ್ಲಿವರೆಗೆ ಏನಾದರೂ ಮಾತಾಡಿ ಅಂತ ನನ್ನನ್ನು ನಿಲ್ಲಿಸಿದ್ದಾರೆ. ಒಳಗಿನಿಂದ ಹುಳಿಯ ಒಗ್ಗರಣೆ ವಾಸನೆ ಬರುತ್ತಿದೆ. ಅದರ ಜೊತೆ ಸ್ಪರ್ಧೆ ಮಾಡುವ ಶಕ್ತಿ ನನಗಿಲ್ಲ. ಆದರೂ ಪ್ರಯತ್ನ ಮಾಡುತ್ತೇನೆ.

ನಾವೆಲ್ಲ ದಿನಕ್ಕೆ ಹತ್ತು ಸಲ ಹ್ಯೂಸ್ಟನ್ ಅಂತೀವಿ. ಊರಿಗೆ ಫೋನ್ ಮಾಡಿದರೆ ಹ್ಯೂಸ್ಟನ್‌ನಲ್ಲಿ ಮಳೆ, ಹ್ಯೂಸ್ಟನ್‌ನಲ್ಲಿ ಸೆಕೆ. ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಮರೆತೇ ಹೋಗಿರುತ್ತದೆ. ಡಾಲಸ್ ಕಡೆಗೆ ಕಾರಿನಲ್ಲಿ ಹೋಗುವಾಗ ಹಂಟ್ಸ್‌ವಿಲ್ ಹತ್ತಿರ ಮರಗಳ ಮೇಲಿಂದ ಇದ್ದಕ್ಕಿದ್ದಂತೆ ಒಬ್ಬ ಬಿಳಿ ಮನುಷ್ಯ ಎದ್ದು ನಿಲ್ಲುತ್ತಾನಲ್ಲ, ಕೈಯಲ್ಲಿ ಊರುಗೋಲು, 67 ಅಡಿ ಎತ್ತರ? ಅವನೇ ಸ್ಯಾಮ್ ಹ್ಯೂಸ್ಟನ್. ಹಿಂದಿನ ಸೀಟಿನಿಂದ ನನ್ನ ಮಗಳು 'ಯಾರಪ್ಪ ಅದು?' ಅಂತ ಕೇಳಿದ್ದಳು. 'ಯಾರೋ ಜನರಲ್' ಅಂದು ಸುಮ್ಮನಾಗಿದ್ದೆ. ಆಮೇಲೆ ನಾಚಿಕೆಯಾಗಿ ಓದಲು ಕೂತೆ. ಓದುತ್ತಾ ಹೋದ ಹಾಗೆ ಜನರಲ್‌ಗಿಂತ ಜಾಸ್ತಿ ಅವನ ಮನೆಯವರೇ ನನ್ನನ್ನು ಹಿಡಿದುಕೊಂಡರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ. ದೆಹಲಿಯಿಂದ ನೇಮಕವಾಗಿ ಬರುವವರಲ್ಲ. ಜನ ಓಟು ಹಾಕಿ ಗೆಲ್ಲಿಸಬೇಕು, ಆಡಳಿತ ನಡೆಸಬೇಕು. ನಮ್ಮ ಮುಖ್ಯಮಂತ್ರಿ ಅಂದುಕೊಳ್ಳಿ. ಈ ದೇಶದ ಚರಿತ್ರೆಯಲ್ಲಿ ಎರಡು ಬೇರೆ ಬೇರೆ ರಾಜ್ಯಗಳಲ್ಲಿ ಜನರ ಓಟಿನಿಂದ ಗವರ್ನರ್ ಆದವನು ಹ್ಯೂಸ್ಟನ್ ಒಬ್ಬನೇ. ಮೊದಲು ಟೆನೆಸೀ, ಆಮೇಲೆ ಟೆಕ್ಸಸ್. ಎರಡು ಕಡೆಯೂ ಅವಧಿ ಮುಗಿಯುವ ಮೊದಲೇ ಕುರ್ಚಿ ಬಿಟ್ಟ. ಮೊದಲನೆಯ ಸಲ ಹೆಂಡತಿ ಮನೆ ಬಿಟ್ಟು ಹೋದಳು ಅಂತ. ಎರಡನೆಯ ಸಲ ಒಂದು ಪ್ರಮಾಣ ವಚನ ಬಾಯಿಂದ ಬರಲ್ಲ ಅಂತ. ಈ ಎರಡರ ನಡುವೆ 32 ವರ್ಷ. ಆ 32 ವರ್ಷದಲ್ಲಿ ಅವನನ್ನು ಒಬ್ಬ ಮನೆಯ ಮನುಷ್ಯನನ್ನಾಗಿ ಮಾಡಿದವರು ಯಾರು, ಅದಕ್ಕೆ ಯಾರು ಯಾರು ಬೆವರು ಸುರಿಸಿದರು ಅನ್ನೋದು ಇವತ್ತಿನ ಕಥೆ.

ಅವನು ಹುಟ್ಟಿದ್ದು 1793ರ ಮಾರ್ಚ್ 2ರಂದು, ವರ್ಜೀನಿಯಾದಲ್ಲಿ. ಒಂಬತ್ತು ಮಕ್ಕಳಲ್ಲಿ ಐದನೆಯವನು. ಅಪ್ಪನೂ ಸ್ಯಾಮ್ಯುಯೆಲ್, ಬ್ರಿಟಿಷರ ವಿರುದ್ಧ ಹೋರಾಡಿದ ಸೈನಿಕ. ಸೇನೆಯ ಗೀಳಿನಲ್ಲಿ ಆಸ್ತಿ ಕರಗಿಸಿ, ಮಗನಿಗೆ ಹದಿಮೂರು ಹದಿನಾಲ್ಕು ವರ್ಷವಾಗಿದ್ದಾಗ ತೀರಿಕೊಂಡ. ತಾಯಿ ಎಲಿಜಬೆತ್ ಗಂಡನಿಲ್ಲದ ಮನೆಯನ್ನು ಗಾಡಿಗೆ ಹೇರಿ, ಒಂಬತ್ತು ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ದಾಟಿ ಟೆನೆಸೀಗೆ ಬಂದಳು. ಮೇರಿವಿಲ್ ಅನ್ನುವ ಊರಿನ ಹತ್ತಿರ ಕಾಡು ಕಡಿದು ಜಮೀನು ಮಾಡಿದಳು.

ಅಣ್ಣಂದಿರು ಸ್ಯಾಮ್‌ನನ್ನು ಅಂಗಡಿಯಲ್ಲಿ ಕೂರಿಸಿದರು. ಅವನಿಗೆ ತೂಕ ಅಳತೆಯ ಕೆಲಸ ಒಗ್ಗಲಿಲ್ಲ. ಹದಿನಾರನೇ ವಯಸ್ಸಿಗೆ ಮನೆಬಿಟ್ಟು ಓಡಿಹೋದ. ಹೋಗಿದ್ದು ಎಲ್ಲಿಗೆ ಅಂದರೆ ಹೊಳೆಯಾಚೆ, ಇಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರ ಹತ್ತಿರ. ಅಲ್ಲಿನ ಮುಖಂಡ ಊಲೂಟೆಕ, ಬಿಳಿಯರು ಜಾನ್ ಜಾಲಿ ಅಂತ ಕರೆಯುತ್ತಿದ್ದವನು, ಇವನನ್ನು ಮಗನ ಹಾಗೆ ಇಟ್ಟುಕೊಂಡ. ಕಾಡುಕಾಗೆ ಎಂಬ ಅರ್ಥದ ಹೆಸರನ್ನೂ ಇಟ್ಟ. ಹುಡುಕಿಕೊಂಡು ಬಂದ ಅಣ್ಣಂದಿರಿಗೆ ಸಿಕ್ಕಿದ್ದು ಮರದ ಕೆಳಗೆ ಬಿದ್ದುಕೊಂಡು ಗ್ರೀಕ್ ಕಾವ್ಯದ ಅನುವಾದ ಓದುತ್ತಿದ್ದ ತಮ್ಮ. ಬರಲ್ಲ ಅಂದ. ಸುಮಾರು ಮೂರು ವರ್ಷ ಅಲ್ಲೇ ಇದ್ದ.

ಮಧ್ಯೆ ಮಧ್ಯೆ ಊರಿಗೆ ಬಂದು ಸಾಲ ಮಾಡಿ ಬಟ್ಟೆ, ಮದ್ದುಗುಂಡು, ಚೆರೊಕೀ ಗೆಳೆಯರಿಗೆ ಉಡುಗೊರೆ ಕೊಳ್ಳುತ್ತಿದ್ದ. ಆ ಸಾಲ ತೀರಿಸಲು ಕೊನೆಗೆ ಮೇಷ್ಟರಾದ! ಶಾಲೆಗೇ ಸರಿಯಾಗಿ ಹೋಗದ ಹುಡುಗ. ಫೀಸು ವರ್ಷಕ್ಕೆ ಎಂಟು ಡಾಲರ್. ಅದರಲ್ಲಿ ಮೂರನೇ ಒಂದು ಭಾಗ ನಗದು, ಒಂದು ಭಾಗ ಜೋಳ, ಇನ್ನೊಂದು ಭಾಗ ಬಟ್ಟೆ. ನಮ್ಮ ಕಡೆ ಐಗಳ ಮಠದಲ್ಲಿ ಅಕ್ಕಿ, ಬೆಲ್ಲ, ಕಾಯಿ ಕೊಡುತ್ತಿದ್ದ ಹಾಗೇ ಅಲ್ವಾ? ಆ ಮರದ ದಿಮ್ಮಿಯ ಶಾಲೆ ಇವತ್ತಿಗೂ ನಿಂತಿದೆ.

1813ರಲ್ಲಿ ಸೇನೆ ಸೇರಿದ. ಹೊರಡುವಾಗ ತಾಯಿ ಒಂದು ಬಂದೂಕು ಕೊಟ್ಟಳು, ಬೆರಳಿಗೆ ಒಂದು ಸಾದಾ ಚಿನ್ನದ ಉಂಗುರ ಹಾಕಿದಳು. ಉಂಗುರದ ಒಳಬದಿಯಲ್ಲಿ, ಹೊರಗಿನವರಿಗೆ ಕಾಣದ ಹಾಗೆ, 'ಮಾನ' ಅನ್ನುವ ಅರ್ಥದ ಒಂದೇ ಇಂಗ್ಲಿಷ್ ಪದ ಕೆತ್ತಿತ್ತು. ಈ ಉಂಗುರವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮರುವರ್ಷ ಹಾರ್ಸ್‌ಶೂ ಬೆಂಡ್ ಕಾಳಗದಲ್ಲಿ ತೊಡೆಗೆ ಬಾಣ, ಬಲಭುಜಕ್ಕೆ ಎರಡು ಗುಂಡು. ಭುಜದ ಗಾಯ ಸಾಯುವವರೆಗೂ ಪೂರ್ತಿ ಮಾಯಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷನಾದ ಜನರಲ್ ಆಂಡ್ರೂ ಜ್ಯಾಕ್ಸನ್ ಕಣ್ಣಿಗೆ ಬಿದ್ದಿದ್ದು ಅಲ್ಲೇ. ಜ್ಯಾಕ್ಸನ್ ಕೃಪೆಯಿದ್ದರೆ ಟೆನೆಸೀಯಲ್ಲಿ ಬಾಗಿಲುಗಳು ತಾವಾಗೇ ತೆರೆಯುತ್ತಿದ್ದ ಕಾಲ ಅದು. ವಕೀಲನಾದ, ಎರಡು ಸಲ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತಿನ ಸದಸ್ಯನಾದ, 1827ರಲ್ಲಿ ಗವರ್ನರ್.

ಗವರ್ನರ್ ಸಾಹೇಬರಿಗೆ ಎಲ್ಲ ಇತ್ತು, ಮದುವೆಯೊಂದು ಬಾಕಿ. 1829ರ ಜನವರಿ 22ರಂದು ಗ್ಯಾಲಟಿನ್ ಊರಿನ ಶ್ರೀಮಂತ ಮನೆತನದ ಎಲೈಝಾ ಆಲನ್ ಜೊತೆ ಮದುವೆ ಆಯಿತು. ಅವಳಿಗೆ 19, ಅವನಿಗೆ 35. ಹನ್ನೊಂದೇ ವಾರ. ಅವಳು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಏಪ್ರಿಲ್ 16ರಂದು ಅವನು ರಾಜೀನಾಮೆ ಬರೆದುಕೊಟ್ಟ.

ಊರೆಲ್ಲ ಗುಲ್ಲು. ಅವಳಿಗೆ ಬೇರೆ ಯಾರ ಮೇಲೋ ಮನಸ್ಸಿತ್ತು ಅಂದರು. ಅವನ ಹಳೆಯ ಗಾಯ ನೋಡಿ ಹೇಸಿದಳು ಅಂದರು. ಅವನಿಗೆ ಅನುಮಾನದ ರೋಗ ಅಂದರು. ಅವಳ ಮಾನ ಕಾಪಾಡಲು ಗ್ಯಾಲಟಿನ್ ಹಿರಿಯರು ಸಮಿತಿ ಕಟ್ಟಿ ಹೇಳಿಕೆ ಹೊರಡಿಸಿದರು. ಅವನು ಮಾವನಿಗೆ ಬರೆದ ಒಂದು ಕಾಗದ ಉಳಿದಿದೆ. ಅವಳು ನನ್ನ ಜೊತೆ ಬೆರೆಯಲಿಲ್ಲ, ಪ್ರೀತಿ ಇಲ್ಲ ಅನ್ನಿಸಿತು, ಆದರೆ ಅವಳ ನಡತೆಯಲ್ಲಿ ನನಗೆ ಅನುಮಾನವಿಲ್ಲ ಅನ್ನುವುದು ಅದರ ಸಾರ. ಅಷ್ಟೇ. ಅದರ ಮೇಲೆ ಇಬ್ಬರೂ ಬದುಕಿಡೀ ಬಾಯಿ ಬಿಡಲಿಲ್ಲ. ಚುನಾವಣೆಯಲ್ಲಿ ಎದುರಾಳಿಗಳು ಮುಖಕ್ಕೆ ಎಸೆದಾಗಲೂ ಅವನು ಮಾತಾಡಲಿಲ್ಲ. ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಮೌನ. ತನ್ನ ಕಡೆಯ ಕಥೆ ಹೇಳಿ ಕುರ್ಚಿ ಉಳಿಸಿಕೊಳ್ಳಬಹುದಿತ್ತಲ್ಲ.

(ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, 'ಆ ಹುಡುಗಿ ಏನಾದಳು?' ಅಂತ ಕೇಳಿದರು. ಒಳ್ಳೆಯ ಪ್ರಶ್ನೆ ಅಮ್ಮ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. 1840ರಲ್ಲಿ ಒಬ್ಬ ಡಾಕ್ಟರನ್ನು ಮದುವೆಯಾದಳು, ಮಕ್ಕಳಾದವು, 1861ರಲ್ಲಿ ತೀರಿಕೊಂಡಳು. ತನ್ನ ಚಿತ್ರಗಳನ್ನೆಲ್ಲ ನಾಶಮಾಡಿ, ಸಮಾಧಿಗೆ ಗುರುತಿನ ಕಲ್ಲು ಹಾಕಬೇಡಿ ಅಂತ ಹೇಳಿದ್ದಳು ಅನ್ನುತ್ತಾರೆ. ಅವಳ ಮೌನ ಅವನದಕ್ಕಿಂತ ಗಟ್ಟಿ.)

ರಾಜೀನಾಮೆ ಕೊಟ್ಟವನು ದೋಣಿ ಹತ್ತಿ ಸೀದಾ ಹೋಗಿದ್ದು ಮತ್ತೆ ಚೆರೊಕೀ ಅಪ್ಪನ ಮನೆಗೆ. ಜಾಲಿ ಅಷ್ಟು ಹೊತ್ತಿಗೆ ಪಶ್ಚಿಮಕ್ಕೆ, ಈಗಿನ ಓಕ್ಲಹೋಮ ಇರುವ ಕಡೆಗೆ ಬಂದಿದ್ದ. ಅಲ್ಲಿ ಹ್ಯೂಸ್ಟನ್ ಚೆರೊಕೀ ಪೌರತ್ವ ಪಡೆದ, ವ್ಯಾಪಾರದ ಅಂಗಡಿ ಇಟ್ಟ, ಅವರ ಪರವಾಗಿ ವಾಷಿಂಗ್ಟನ್‌ಗೆ ಓಡಾಡಿದ. ಜೊತೆಗೆ ಕುಡಿದ. ಎಷ್ಟು ಕುಡಿದ ಅಂದರೆ ಆ ಜನ ಕಾಡುಕಾಗೆ ಹೆಸರು ಬಿಟ್ಟು 'ದೊಡ್ಡ ಕುಡುಕ' ಅಂತ ಹೊಸ ಹೆಸರಿಟ್ಟರು. ಚೆರೊಕೀ ಪದ್ಧತಿಯಂತೆ ಟಯಾನಾ ರೋಜರ್ಸ್ ಎಂಬ ವಿಧವೆಯ ಜೊತೆ ಸಂಸಾರ ಮಾಡಿದ. ಬಿದ್ದವನನ್ನು ಎತ್ತಿ ಕೂರಿಸಿದವಳು ಅವಳು. 1832ರ ಕೊನೆಗೆ ಅವನು ಟೆಕ್ಸಸ್‌ಗೆ ಹೊರಟಾಗ ಅವಳು ಬರಲಿಲ್ಲ, ಅಲ್ಲೇ ಉಳಿದಳು. ಅವಳ ಬಗ್ಗೆ ಪುಸ್ತಕಗಳಲ್ಲಿ ಅರ್ಧ ಪುಟ ಸಿಕ್ಕಿದರೆ ಪುಣ್ಯ.

ಆಮೇಲಿನದು ನಿಮ್ಮ ಮಕ್ಕಳಿಗೆ ಗೊತ್ತು. ಟೆಕ್ಸಸ್ ಶಾಲೆಯ ಪುಸ್ತಕದಲ್ಲಿದೆ. 1836ರ ಏಪ್ರಿಲ್ 21, ಸ್ಯಾನ್ ಹಸಿಂಟೊ, 18 ನಿಮಿಷದ ಕಾಳಗ. ಗುಂಡು ಬಿದ್ದು ಇವನ ಕಾಲಿನ ಗೆಣ್ಣು ಪುಡಿಯಾಯಿತು. ಪ್ರತಿಮೆಯ ಕೈಯಲ್ಲಿ ಊರುಗೋಲು ಸುಮ್ನೆ ಇಟ್ಟಿದ್ದಲ್ಲ. ಮೆಕ್ಸಿಕೋದಿಂದ ಬಿಡಿಸಿಕೊಂಡ ಟೆಕ್ಸಸ್ ಗಣರಾಜ್ಯಕ್ಕೆ ಎರಡು ಸಲ ಅಧ್ಯಕ್ಷನಾದ. 1836ರಲ್ಲೇ ನಾವು ಕೂತಿರುವ ಈ ಊರಿಗೆ ಅವನ ಹೆಸರು ಬಿತ್ತು.

ಈಗ ಮಾರ್ಗರೆಟ್.

1839ರ ಬೇಸಿಗೆ. ಹ್ಯೂಸ್ಟನ್‌ಗೆ 46. ಅಲಬಾಮಾದ ಮೊಬೀಲ್ ಊರಿಗೆ ಬಂದಿದ್ದ. ಕೆಲಸ ಏನು ಗೊತ್ತಾ? ಸೈಟು ಮಾರುವುದು! ಟೆಕ್ಸಸ್ ಕಡಲಂಚಿನಲ್ಲಿ ಹೊಸ ಊರು ಕಟ್ಟುತ್ತೇವೆ, ದುಡ್ಡು ಹಾಕಿ ಅಂತ ಜನರನ್ನು ಹುಡುಕುತ್ತಿದ್ದ. ಯುದ್ಧ ಗೆದ್ದವನೂ ಕೊನೆಗೆ ರಿಯಲ್ ಎಸ್ಟೇಟ್‌ಗೇ ಬಂದ ನೋಡಿ. ಅಲ್ಲಿನ ಒಂದು ತೋಟದ ಕೂಟದಲ್ಲಿ ಮಾರ್ಗರೆಟ್ ಲೀ ಕಂಡಳು. 20 ವರ್ಷ, ನೀಲಿ ಕಣ್ಣು, ಪಿಯಾನೋ ನುಡಿಸುವವಳು, ಕವಿತೆ ಬರೆಯುವವಳು, ಕಟ್ಟಾ ಬ್ಯಾಪ್ಟಿಸ್ಟ್ ಭಕ್ತೆ. ಅಪ್ಪ ಪಾದ್ರಿಯಾಗಿದ್ದವನು, ತೀರಿಕೊಂಡಿದ್ದ. ಮನೆಯ ಯಜಮಾನಿ ತಾಯಿ ನ್ಯಾನ್ಸಿ ಲೀ.

ಈ ನ್ಯಾನ್ಸಿ ಲೀ ನನ್ನ ಮೆಚ್ಚಿನ ಪಾತ್ರ. ಮದುವೆ ಟೆಕ್ಸಸ್‌ನಲ್ಲೇ ಆಗಲಿ ಅಂತ ಹ್ಯೂಸ್ಟನ್‌ಗೆ ಆಸೆ. ಈಕೆ ಹಡಗಿನಲ್ಲಿ ಗ್ಯಾಲ್ವೆಸ್ಟನ್‌ಗೆ ಬಂದಾಗ ತೋಪು ಹಾರಿಸಿ ಸ್ವಾಗತ ಮಾಡಿದನಂತೆ. ಹಡಗಿನಿಂದ ಅತ್ತೆ ಇಳಿದಳು, ಹುಡುಗಿ ಇಳಿಯಲಿಲ್ಲ. ಮಾರ್ಗರೆಟ್ ಎಲ್ಲಿ ಅಂತ ಕೇಳಿದ. 'ಅಲಬಾಮಾದಲ್ಲಿದ್ದಾಳೆ. ನನ್ನ ಮಗಳು ಯಾರನ್ನೂ ಹುಡುಕಿಕೊಂಡು ಹೋಗಿ ಮದುವೆಯಾಗುವವಳಲ್ಲ. ಬೇಕಾದವರು ನಮ್ಮ ಮನೆ ಬಾಗಿಲಿಗೆ ಬರಲಿ' ಅಂತ ಉತ್ತರ ಬಂತಂತೆ. ಹೋಗಲೇಬೇಕಾಯಿತು. 1840ರ ಮೇ 9, ಮೇರಿಯನ್ ಊರು, ಹೆಣ್ಣಿನ ಮನೆ. ಅವನ ಗೆಳೆಯನೊಬ್ಬ ಇನ್ನೊಬ್ಬನಿಗೆ ಕಾಗದ ಬರೆದು ತಲೆ ಚಚ್ಚಿಕೊಂಡ. ಸಂಸಾರ ಮಾಡಲು ಇವನಷ್ಟು ಲಾಯಕ್ಕಿಲ್ಲದ ಗಂಡಸನ್ನು ನಾನು ನೋಡೇ ಇಲ್ಲ ಅಂತ.

ಗೆಳೆಯನ ಲೆಕ್ಕ ತಪ್ಪಿತು. ಹ್ಯೂಸ್ಟನ್ ಕುಡಿತ ಬಿಟ್ಟ. ಕಿತ್ತಳೆ ಸಿಪ್ಪೆ ಹಾಕಿದ ಕಹಿ ಕಷಾಯದಂಥದ್ದನ್ನು ಕುಡಿದುಕೊಂಡು ಕಾಲ ತಳ್ಳಿದ. ಮಕ್ಕಳು ಎಂಟು. 1843ರಲ್ಲಿ ಮೊದಲನೆಯವನು ಸ್ಯಾಮ್ ಜೂನಿಯರ್. ಆಮೇಲೆ ಸಾಲಾಗಿ ನಾಲ್ಕು ಹೆಣ್ಣು, ನ್ಯಾನಿ, ಮ್ಯಾಗಿ, ಮೇರಿ, ನೆಟ್ಟಿ. ಮತ್ತೆ ಸಾಲಾಗಿ ಮೂರು ಗಂಡು, ಆಂಡ್ರೂ, ವಿಲಿಯಂ, ಟೆಂಪಲ್. ಟೆಂಪಲ್ ಹುಟ್ಟಿದಾಗ ಅಪ್ಪನಿಗೆ 67.

ಸುಖಸಂಸಾರ ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಟೆಕ್ಸಸ್ ಅಮೆರಿಕಕ್ಕೆ ಸೇರಿದ ಮೇಲೆ, 1846ರಲ್ಲಿ, ಅವನು ಸೆನೆಟರ್ ಆದ, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯ. ಹದಿಮೂರು ವರ್ಷ, ವರ್ಷದ ಬಹುಪಾಲು ವಾಷಿಂಗ್ಟನ್. ಇವಳು ಇಲ್ಲಿ, ಉಬ್ಬಸದ ಕಾಯಿಲೆ, ವರ್ಷ ಬಿಟ್ಟು ವರ್ಷ ಬಾಣಂತನ. 1847ರಲ್ಲಿ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮನೆತನದ ಗೆಳೆಯ ಡಾಕ್ಟರ್ ಆಶ್‌ಬೆಲ್ ಸ್ಮಿತ್ ಬಂದು ಕತ್ತರಿಸಿ ತೆಗೆದ. ನೋವು ಮರೆಯಲು ವಿಸ್ಕಿ ಕುಡಿಯಮ್ಮ ಅಂದ. ಅವಳು ಬೇಡ ಅಂದಳು. ಗಂಡನಿಗೆ ಬಿಡಿಸಿದ್ದನ್ನು ತಾನು ಮುಟ್ಟುವುದೇ? ಹಲ್ಲಿನ ನಡುವೆ ಬೆಳ್ಳಿಯ ನಾಣ್ಯ ಕಚ್ಚಿ ಹಿಡಿದುಕೊಂಡಳು. ಗಂಡ ಆಗ ವಾಷಿಂಗ್ಟನ್‌ನಲ್ಲಿದ್ದ.

ಅಲ್ಲಿ ಅವನು ಏನು ಮಾಡುತ್ತಿದ್ದ? ಚಿರತೆ ಚರ್ಮದ ವೇಸ್ಟ್‌ಕೋಟು ಹಾಕಿಕೊಂಡು ಸೆನೆಟ್‌ನಲ್ಲಿ ಕೂರುತ್ತಿದ್ದ. ಚಿರತೆ ತನ್ನ ಮಚ್ಚೆ ಬದಲಿಸೀತೇ ಅಂತ ಬೈಬಲ್‌ನಲ್ಲಿ ಇದೆಯಲ್ಲ, ಅದಕ್ಕೇ ಅನ್ನುತ್ತಿದ್ದ. ಬೇರೆಯವರ ಉದ್ದುದ್ದ ಭಾಷಣ ನಡೆಯುವಾಗ ಚಾಕು ತೆಗೆದು ಮರದ ತುಂಡು ಕೆತ್ತುತ್ತಿದ್ದ. ಪುಟ್ಟ ಹೃದಯ, ಶಿಲುಬೆ, ಮಕ್ಕಳ ಆಟಿಕೆ. ಭಾನುವಾರ ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗಿ ಉಪದೇಶ ಕೇಳಿಸಿಕೊಂಡು, ಮಧ್ಯಾಹ್ನ ಅದರ ಸಾರವನ್ನೆಲ್ಲ ಹೆಂಡತಿಗೆ ಕಾಗದದಲ್ಲಿ ಬರೆಯುತ್ತಿದ್ದ. ಇಬ್ಬರ ನಡುವಿನ ನೂರಾರು ಕಾಗದಗಳು ಉಳಿದಿವೆ. ಸಂಸಾರದ ಮುಕ್ಕಾಲು ಪಾಲು ಅಂಚೆಯಲ್ಲೇ ನಡೆಯಿತು. ಗಲ್ಫ್‌ನಲ್ಲಿ ಕೆಲಸ ಮಾಡುವ ನಮ್ಮ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1854ರ ನವೆಂಬರ್ 19ರಂದು, ಇಂಡಿಪೆಂಡೆನ್ಸ್ ಊರಿನ ಹತ್ತಿರದ ಹಳ್ಳದಲ್ಲಿ ಮುಳುಗಿ ದೀಕ್ಷೆ ತೆಗೆದುಕೊಂಡ. ಚಳಿಗಾಲದ ನೀರು. ನಿಮ್ಮ ಪಾಪವೆಲ್ಲ ತೊಳೆದುಹೋಯಿತು ಅಂತ ಯಾರೋ ಅಂದರೆ, 'ಹಾಗಾದರೆ ಕೆಳಗಿರುವ ಮೀನುಗಳನ್ನು ದೇವರೇ ಕಾಪಾಡಬೇಕು' ಅಂದನಂತೆ. ಮಾರ್ಗರೆಟ್ ಇದಕ್ಕಾಗಿ ಹದಿನಾಲ್ಕು ವರ್ಷ ಕಾದಿದ್ದಳು.

ಈ ಮನೆ ನಡೆದಿದ್ದು ಹೇಗೆ ಅಂತ ಈಗ ಹೇಳಬೇಕು. ಹಂಟ್ಸ್‌ವಿಲ್‌ನಲ್ಲಿ ಅವರಿದ್ದ ಮನೆಯನ್ನು ಇವತ್ತೂ ನೋಡಬಹುದು, ವಿಶ್ವವಿದ್ಯಾಲಯದ ಪಕ್ಕದ ಮ್ಯೂಸಿಯಂ ಆವರಣದಲ್ಲಿದೆ. ದಿಮ್ಮಿ ಗೋಡೆಗೆ ಹಲಗೆ ಹೊಡೆದ ಬಿಳಿ ಮನೆ. ನಡುವೆ ಗಾಳಿಯಾಡಲು ತೆರೆದ ಓಣಿ, ಎರಡೂ ಬದಿಗೆ ಕೋಣೆ. ಅಡುಗೆಮನೆ ಬೇರೆ, ಹಿಂದೆ. ನಾನು ಅಡುಗೆಮನೆಯಲ್ಲೇ ಜಾಸ್ತಿ ಹೊತ್ತು ನಿಂತೆ. ಎಂಟು ಮಕ್ಕಳ ಮನೆಗೆ ಆ ಒಲೆ ಹೊತ್ತಿಸಿದವಳು ಮಾರ್ಗರೆಟ್ ಅಲ್ಲ. ಹ್ಯೂಸ್ಟನ್ ಮನೆಯಲ್ಲಿ ಹನ್ನೆರಡು ಜನ ಗುಲಾಮರಿದ್ದರು.

ಎಲೈಝಾ ಎಂಬಾಕೆ ಅಲಬಾಮಾದಿಂದಲೇ ಮಾರ್ಗರೆಟ್ ಜೊತೆ ಬಂದವಳು. ಎಂಟೂ ಮಕ್ಕಳನ್ನು ಎತ್ತಿ ಆಡಿಸಿದವಳು. ಜೋಶುವಾ ಕೂಡ ಅಲ್ಲಿಂದಲೇ ಬಂದವನು. ಕಮ್ಮಾರ, ಗಾಡಿ ಹೊಡೆಯುವವನು, ಓದು ಬರಹ ಬಲ್ಲವನು. ಜೆಫ್ ಹ್ಯಾಮಿಲ್ಟನ್ ಬಂದಿದ್ದು 1853ರಲ್ಲಿ. ಹದಿಮೂರು ವರ್ಷದ ಹುಡುಗ. ತಾಯಿಯಿಂದ ಬಿಡಿಸಿ ಹಂಟ್ಸ್‌ವಿಲ್ ಪೇಟೆಯಲ್ಲಿ ಹರಾಜಿಗೆ ನಿಲ್ಲಿಸಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹ್ಯೂಸ್ಟನ್ ನೋಡಿ ಕೊಂಡುಕೊಂಡ. ಜೆಫ್ ಮುದುಕನಾದ ಮೇಲೆ ತನ್ನ ಯಜಮಾನನ ಬಗ್ಗೆ ಪ್ರೀತಿಯಿಂದಲೇ ನೆನಪು ಹೇಳಿದ್ದಾನೆ. 1862ರಲ್ಲೇ ನಮಗೆಲ್ಲ ಬಿಡುಗಡೆ ಅಂತ ಹೇಳಿಬಿಟ್ಟಿದ್ದ ಅನ್ನುತ್ತಾನೆ. ಆದರೆ ಮರುವರ್ಷ ಹ್ಯೂಸ್ಟನ್ ಸತ್ತಾಗ ಮಾಡಿದ ಆಸ್ತಿಯ ಪಟ್ಟಿಯಲ್ಲಿ ಹನ್ನೆರಡು ಜನರೂ ಇದ್ದಾರೆ, ದನಕರುಗಳ ಜೊತೆಗೆ, ಬೆಲೆ ಸಮೇತ. ನೆನಪು ಬೇರೆ, ಪಟ್ಟಿ ಬೇರೆ. ನಾನು ಪಟ್ಟಿಯನ್ನು ನಂಬುತ್ತೇನೆ.

ಆದರೂ ಇದೇ ಮನುಷ್ಯ 1854ರಲ್ಲಿ, ಗುಲಾಮಗಿರಿಯನ್ನು ಹೊಸ ಪ್ರದೇಶಗಳಿಗೆ ಹಬ್ಬಿಸಲು ದಾರಿ ಮಾಡುವ ಕ್ಯಾನ್ಸಸ್-ನೆಬ್ರಾಸ್ಕಾ ಮಸೂದೆ ಬಂದಾಗ, ವಿರುದ್ಧ ಓಟು ಹಾಕಿದ. ದಕ್ಷಿಣದ ಸೆನೆಟರ್‌ಗಳಲ್ಲಿ ಹಾಗೆ ಮಾಡಿದವರು ಇಬ್ಬರೇ, ಇನ್ನೊಬ್ಬ ಟೆನೆಸೀಯ ಜಾನ್ ಬೆಲ್. ದೇಶ ಒಡೆಯುತ್ತದೆ ಅನ್ನುವುದು ಅವನ ಭಯ. ಗುಲಾಮರ ಮೇಲಿನ ಕರುಣೆ ಅಂತ ತಪ್ಪು ತಿಳಿಯಬೇಡಿ. ಇದಕ್ಕೆ ಬೆಲೆಯನ್ನೂ ತೆತ್ತ. 1857ರಲ್ಲಿ ಟೆಕ್ಸಸ್ ಗವರ್ನರ್ ಚುನಾವಣೆಗೆ ನಿಂತು ಹಾರ್ಡಿನ್ ರನ್ನೆಲ್ಸ್ ಎದುರು ಸೋತ. ಎರಡು ವರ್ಷ ಬಿಟ್ಟು ಅವನನ್ನೇ ಸೋಲಿಸಿ, 1859ರ ಡಿಸೆಂಬರ್‌ನಲ್ಲಿ ಗವರ್ನರ್ ಆದ.

ಆಸ್ಟಿನ್‌ನ ಗವರ್ನರ್ ಬಂಗಲೆ ಆಗಿನ್ನೂ ಹೊಸದು. ಮಕ್ಕಳಿಲ್ಲದೆ ಬಣಗುಟ್ಟುತ್ತಿತ್ತು. ಇವರು ಏಳು ಮಕ್ಕಳ ಜೊತೆ ಬಂದಿಳಿದರು, ಎಂಟನೆಯವನು ಟೆಂಪಲ್ ಅಲ್ಲೇ ಹುಟ್ಟಿದ. ಆ ಬಂಗಲೆಯಲ್ಲಿ ಹುಟ್ಟಿದ ಮೊದಲ ಕೂಸು. ಹ್ಯೂಸ್ಟನ್ ಕೊಂಡ ನಾಲ್ಕು ಕಂಬದ ಮಂಚ ಇವತ್ತಿಗೂ ಅಲ್ಲಿದೆ. ಆರು ವರ್ಷದ ಆಂಡ್ರೂ ಒಂದು ದಿನ ಶಾಸಕರನ್ನು ಸಭಾಂಗಣದೊಳಗೆ ಕೂಡಿಹಾಕಿ ಬೀಗದ ಕೈ ಬಚ್ಚಿಟ್ಟನಂತೆ. ಶಾಸನಸಭೆಯನ್ನು ಹಿಡಿತದಲ್ಲಿಡುವುದು ನನಗಿಂತ ನನ್ನ ಮಗನಿಗೆ ಚೆನ್ನಾಗಿ ಗೊತ್ತು ಅಂದನಂತೆ ಅಪ್ಪ.

ಅದು ತಮಾಷೆಯಾಗಿ ಉಳಿಯಲಿಲ್ಲ. ಗುಲಾಮಗಿರಿ ಹಬ್ಬುವುದನ್ನು ವಿರೋಧಿಸುತ್ತಿದ್ದ ಲಿಂಕನ್ ದೇಶದ ಅಧ್ಯಕ್ಷ ಚುನಾವಣೆ ಗೆದ್ದ. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕಳಚಿಕೊಂಡವು. 1861ರ ಫೆಬ್ರವರಿ 1ರಂದು ಟೆಕ್ಸಸ್ ಸಮಾವೇಶ 166ಕ್ಕೆ 8 ಮತಗಳಿಂದ ಒಕ್ಕೂಟ ಬಿಡುವ ನಿರ್ಣಯ ಮಾಡಿತು. ಜನಮತದಲ್ಲೂ ಸುಮಾರು ಮೂರಕ್ಕೆ ಒಂದರಂತೆ ಅದೇ ಗೆದ್ದಿತು. ಗವರ್ನರ್ ಜನರ ಮಾತಿಗೆ ತಲೆಬಾಗಿದ. ಆದರೆ ಕಳಚಿಕೊಂಡ ರಾಜ್ಯಗಳು ಕಟ್ಟಿಕೊಂಡ ಹೊಸ ಕಾನ್ಫೆಡರಸಿಗೆ ನಿಷ್ಠೆಯ ಪ್ರಮಾಣ ಮಾಡು ಅಂದಾಗ ಸಿಕ್ಕಿಕೊಂಡ. ಮಾರ್ಚ್ 15ರ ರಾತ್ರಿ ಹೇಳಿಕಳಿಸಿದರು, ನಾಳೆ ಮಧ್ಯಾಹ್ನ ಬಂದು ಪ್ರಮಾಣ ಮಾಡಬೇಕು ಅಂತ.

ಆ ರಾತ್ರಿಯ ಬಗ್ಗೆ ಹೇಳಿದ್ದು ಹಿರಿಮಗಳು ನ್ಯಾನಿ. ಅವಳಿಗಾಗ ಹದಿನಾಲ್ಕು. ಮನೆಯವರೆಲ್ಲ ಪ್ರಾರ್ಥನೆ ಮುಗಿಸಿ ಮಲಗಲು ಹೋದರು. ಅಪ್ಪ ಬೂಟು ಕಳಚಿ, ಬರಿ ಕಾಲುಚೀಲದಲ್ಲಿ, ಮಹಡಿಯ ಮೇಲೆ ಆ ತುದಿಯಿಂದ ಈ ತುದಿಗೆ ರಾತ್ರಿಯಿಡೀ ನಡೆದಾಡಿದ. ಕೆಳಗೆ ಮಾರ್ಗರೆಟ್ ಹಲಗೆಯ ಸದ್ದು ಕೇಳುತ್ತಾ ಕೂತಿದ್ದಳು. ಬೆಳಗಾಗುವ ಹೊತ್ತಿಗೆ ಇಳಿದು ಬಂದ. 'ಮಾರ್ಗರೆಟ್, ನಾನು ಮಾಡುವುದಿಲ್ಲ' ಅಂದ.

ಮಧ್ಯಾಹ್ನ ಸಭೆಯಲ್ಲಿ ಮೂರು ಸಲ ಅವನ ಹೆಸರು ಕೂಗಿದರು. ಅವನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ಚಾಕುವಿನಿಂದ ಮರದ ತುಂಡು ಕೆತ್ತುತ್ತಿದ್ದ. ಮೇಲೆ ಹೋಗಲಿಲ್ಲ. ಸ್ಥಾನ ಖಾಲಿ ಅಂತ ಘೋಷಿಸಿ ಉಪಗವರ್ನರ್ ಎಡ್ವರ್ಡ್ ಕ್ಲಾರ್ಕ್‌ನನ್ನು ಕೂರಿಸಿದರು. ಸೈನ್ಯ ಕಳಿಸುತ್ತೇನೆ, ಹಿಡಿದು ನಿಲ್ಲು ಅಂತ ಲಿಂಕನ್ ಕಡೆಯಿಂದ ಮಾತು ಬಂತು. ಬೇಡ ಅಂದ. ತನ್ನ ಕುರ್ಚಿಗಾಗಿ ಟೆಕ್ಸಸ್‌ನವರ ರಕ್ತ ಹರಿಯಬಾರದು ಅಂದ. ಟೆನೆಸೀಯಲ್ಲಿ ಕುರ್ಚಿ ಬಿಟ್ಟಾಗ ಅವನು ಒಂಟಿ, ಓಡಿಹೋಗಲು ಕಾಡಿತ್ತು. ಈ ಸಲ ಗಾಡಿ ತುಂಬ ಪಾತ್ರೆಪಡಗ, ಏಳು ತಿಂಗಳ ಕೂಸು, ಕೈಯಲ್ಲಿ ಕಾಸಿಲ್ಲ. ಎರಡನೆಯದೇ ಕಷ್ಟದ್ದು ಅಂತ ನನಗೆ ಅನ್ನಿಸುತ್ತದೆ.

ಮುಂದೆ ಆಗಿದ್ದು ನೋಡಿ. ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಶುರುವಾಯಿತು. ಅಪ್ಪ ಯಾವ ಪ್ರಮಾಣ ಬೇಡವೆಂದನೋ, ಹಿರಿಮಗ ಅದೇ ಕಾನ್ಫೆಡರಸಿಯ ಸೇನೆ ಸೇರಿದ. ಸ್ಯಾಮ್ ಜೂನಿಯರ್‌ಗೆ 18. 1862ರ ಏಪ್ರಿಲ್‌ನಲ್ಲಿ ಶೈಲೋ ಕಾಳಗದಲ್ಲಿ ಗಾಯಗೊಂಡು ಬಿದ್ದ. ಸತ್ತನೆಂದು ಬಿಟ್ಟುಹೋದರು. ಉತ್ತರದ ಸೇನೆಯ ಪಾದ್ರಿಯೊಬ್ಬ ಹೆಣಗಳ ನಡುವೆ ಹೋಗುವಾಗ ಇವನ ಬೈಬಲ್ ತೆರೆದು ನೋಡಿದನಂತೆ. ಮಾರ್ಗರೆಟ್ ಬರೆದುಕೊಟ್ಟ ಸಾಲು, ಹ್ಯೂಸ್ಟನ್ ಅನ್ನುವ ಹೆಸರು. ಸೆನೆಟರ್ ಹ್ಯೂಸ್ಟನ್ ಮಗನಾ ಅಂತ ಕೇಳಿದನಂತೆ. 1854ರಲ್ಲಿ ಆ ಮಸೂದೆಯ ವಿರುದ್ಧ ನ್ಯೂ ಇಂಗ್ಲೆಂಡಿನ ಮೂರು ಸಾವಿರ ಪಾದ್ರಿಗಳು ಮನವಿ ಕೊಟ್ಟಾಗ, ಉಳಿದವರು ಹೀಯಾಳಿಸಿದ್ದರು, ಹ್ಯೂಸ್ಟನ್ ಎದ್ದು ಅವರ ಪರ ಮಾತಾಡಿದ್ದ. ಈತ ಅವರಲ್ಲೊಬ್ಬ. ಹುಡುಗನಿಗೆ ಆರೈಕೆ ಸಿಕ್ಕಿತು. ಶಿಕಾಗೋದ ಸೆರೆಮನೆಯಲ್ಲಿದ್ದು, ಬಿಡುಗಡೆಯಾಗಿ, ಅದೇ ವರ್ಷ ಊರುಗೋಲು ಊರಿಕೊಂಡು ಮನೆ ಮುಂದೆ ಬಂದು ನಿಂತ. ತಾಯಿಗೆ ಥಟ್ಟನೆ ಗುರುತು ಸಿಗಲಿಲ್ಲ.

ಕೊನೆಯ ದಿನಗಳು ಹಂಟ್ಸ್‌ವಿಲ್‌ನ ಬಾಡಿಗೆ ಮನೆಯಲ್ಲಿ. ಅದೂ ವಿಚಿತ್ರ ಮನೆ, ಹಡಗಿನ ಆಕಾರದ್ದು. ಯಾರೋ ಮಗನ ಮದುವೆಗೆ ಉಡುಗೊರೆಯಾಗಿ ಕಟ್ಟಿಸಿದ್ದು, ಮಗ ಸೊಸೆ ಕಾಲಿಡಲು ಒಪ್ಪಿರಲಿಲ್ಲ. ಈಗ ಅದನ್ನೂ ಮ್ಯೂಸಿಯಂ ಅಂಗಳಕ್ಕೆ ತಂದಿಟ್ಟಿದ್ದಾರೆ. 1863ರ ಜುಲೈ 26, ನ್ಯುಮೋನಿಯಾ. 'ಟೆಕ್ಸಸ್, ಟೆಕ್ಸಸ್, ಮಾರ್ಗರೆಟ್' ಅಂದು ಕಣ್ಣು ಮುಚ್ಚಿದ. ಮಾರ್ಗರೆಟ್ ಆ ಉಂಗುರವನ್ನು ಅವನ ಬೆರಳಿನಿಂದ ತೆಗೆದು, ಒಳಬದಿಯ ಅಕ್ಷರವನ್ನು ಒಬ್ಬೊಬ್ಬ ಮಕ್ಕಳಿಗೂ ತೋರಿಸಿದಳು. ಐವತ್ತು ವರ್ಷ ಅದು ಆ ಬೆರಳಿನಲ್ಲಿತ್ತು.

ಉಯಿಲಿನಲ್ಲಿ ಒಂದು ಮಾತಿದೆ, ಓದಿ ನಕ್ಕೆ. ಗಂಡುಮಕ್ಕಳಿಗೆ ಚಿಕ್ಕಂದಿನಿಂದಲೇ ಕಾದಂಬರಿ ಮತ್ತು ಹಗುರ ಓದಿನ ಬಗ್ಗೆ ತಿರಸ್ಕಾರ ಕಲಿಸಬೇಕು ಅಂತ. ಸ್ಯಾಮ್ ಜೂನಿಯರ್ ಡಾಕ್ಟರಿಕೆ ಕಲಿತು, ಅದನ್ನು ಬಿಟ್ಟು ಕಥೆ ಬರೆಯಲು ಕೂತ.

ವಿಧವೆಗೆ ಉಳಿದಿದ್ದು ಜಮೀನು, ವಸೂಲಾಗದ ಸಾಲಪತ್ರ. ಮಕ್ಕಳನ್ನು ಕಟ್ಟಿಕೊಂಡು ತಾಯಿ ಇದ್ದ ಇಂಡಿಪೆಂಡೆನ್ಸ್‌ಗೆ ಹೋದಳು. ಅಲ್ಲಿಗೆ ಜೋಶುವಾ ಹುಡುಕಿಕೊಂಡು ಬಂದ. ಕೈಯಲ್ಲಿ ಚರ್ಮದ ಚೀಲ. ಕುಲುಮೆ ಕೆಲಸದ ಕೂಲಿಯಲ್ಲಿ ವರ್ಷಗಟ್ಟಲೆ ಕೂಡಿಟ್ಟ 2,000 ಡಾಲರಿಗೂ ಜಾಸ್ತಿ ಹಣ, ಚಿನ್ನ ಮತ್ತು ಉತ್ತರದ ನೋಟು. ಕಾನ್ಫೆಡರಸಿಯ ನೋಟು ರದ್ದಿಯಾಗುತ್ತಿದ್ದ ಕಾಲದಲ್ಲಿ! ತಗೊಳ್ಳಿ ಅಂದ. ಮಾರ್ಗರೆಟ್ ತೆಗೆದುಕೊಳ್ಳಲಿಲ್ಲ. ಇದು ನಿನ್ನ ಮಕ್ಕಳ ಓದಿಗೆ ಅಂದಳು. ಈ ಕಥೆಯನ್ನು ಸಾಮಾನ್ಯವಾಗಿ ನಂಬಿಕಸ್ಥ ಸೇವಕನ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇದು ಲೆಕ್ಕ ಬಲ್ಲ ಗಟ್ಟಿ ಮನುಷ್ಯನ ಕಥೆ. ಜೋಶುವಾ ಹ್ಯೂಸ್ಟನ್ ಮುಂದೆ ಹಂಟ್ಸ್‌ವಿಲ್ ನಗರಸಭೆಯ ಸದಸ್ಯನಾದ, ಕೌಂಟಿ ಕಮಿಷನರ್ ಆದ. ಅವನ ಮಗ ಸ್ಯಾಮ್ಯುಯೆಲ್ ವಾಕರ್ ಹ್ಯೂಸ್ಟನ್ ಕಪ್ಪು ಮಕ್ಕಳಿಗಾಗಿ ಶಾಲೆ ಕಟ್ಟಿದ.

ಮಾರ್ಗರೆಟ್ 1867ರ ಡಿಸೆಂಬರ್‌ನಲ್ಲಿ ಹಳದಿ ಜ್ವರಕ್ಕೆ ತೀರಿಕೊಂಡಳು. 48 ವರ್ಷ. ಸೋಂಕಿನ ಭಯಕ್ಕೆ ಹೆಣವನ್ನು ಹಂಟ್ಸ್‌ವಿಲ್‌ವರೆಗೆ ಸಾಗಿಸುವ ಹಾಗಿರಲಿಲ್ಲ. ಹಾಗಾಗಿ ಗಂಡನ ಸಮಾಧಿ ಒಂದೂರಲ್ಲಿ, ಹೆಂಡತಿಯದು ಇನ್ನೊಂದೂರಲ್ಲಿ. ಬದುಕಿದ್ದಾಗಲೂ ಹಾಗೇ ಇದ್ದರಲ್ಲ. ಅವಳು ಮಲಗಿರುವುದು ತಾಯಿ ನ್ಯಾನ್ಸಿ ಲೀ ಹತ್ತಿರ. ಪಕ್ಕದಲ್ಲೇ ಮಕ್ಕಳನ್ನು ಎತ್ತಿ ಆಡಿಸಿದ ಎಲೈಝಾ, 1898ರಲ್ಲಿ ತೀರಿಕೊಂಡವಳು. ಆಗಲೇ ಮದುವೆಯಾಗಿದ್ದ ನ್ಯಾನಿ ತಮ್ಮ ತಂಗಿಯರನ್ನು ನೋಡಿಕೊಂಡಳು. ಬಂಗಲೆಯಲ್ಲಿ ಹುಟ್ಟಿದ ಟೆಂಪಲ್ ದೊಡ್ಡ ವಕೀಲನಾದ. 1888ರಲ್ಲಿ ಆಸ್ಟಿನ್‌ನ ಈಗಿನ ಶಾಸನಸಭಾ ಭವನ ಉದ್ಘಾಟನೆಯಾದಾಗ ಭಾಷಣ ಮಾಡಿದವನು ಅವನೇ.

ಊಟದ ಗಂಟೆ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನೊಂದೇ. 1941ರ ಏಪ್ರಿಲ್ 21, ಸ್ಯಾನ್ ಹಸಿಂಟೊ ದಿನ. ಟೆಕ್ಸಸ್‌ನ ಒಂದು ಸೆನೆಟ್ ಸ್ಥಾನ ಖಾಲಿಯಾಗಿತ್ತು. ಚುನಾವಣೆಗೆ ತಾನೇ ನಿಲ್ಲಬೇಕೆಂದಿದ್ದ ಆಗಿನ ಗವರ್ನರ್, ಪೈಪೋಟಿಗೆ ಬರದ ಯಾರನ್ನಾದರೂ ಅಲ್ಲಿವರೆಗೆ ಕೂರಿಸಬೇಕಿತ್ತು. ಹುಡುಕಿ ತೆಗೆದದ್ದು ಆಂಡ್ರೂ ಜ್ಯಾಕ್ಸನ್ ಹ್ಯೂಸ್ಟನ್‌ನನ್ನು. ಶಾಸಕರಿಗೆ ಬೀಗ ಹಾಕಿದ ಅದೇ ಹುಡುಗ, ಈಗ 86. ಜೂನ್ 2ರಂದು ವಾಷಿಂಗ್ಟನ್‌ನಲ್ಲಿ, ಅಪ್ಪ ಬಿಟ್ಟ 82 ವರ್ಷದ ಮೇಲೆ, ಸೆನೆಟ್‌ನಲ್ಲಿ ಪ್ರಮಾಣ ಮಾಡಿದ. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡ. ಅವನನ್ನು ನೇಮಿಸಿದ ಏಪ್ರಿಲ್‌ನಲ್ಲೇ, ಕೆಲವು ದಿನ ಮುಂಚೆ, ಬೆಲ್ಟನ್ ಎಂಬ ಊರಿನಲ್ಲಿ ಜೆಫ್ ಹ್ಯಾಮಿಲ್ಟನ್ ಕಣ್ಣು ಮುಚ್ಚಿದ್ದ. ಅವನಿಗೆ ನೂರು ತುಂಬಿತ್ತು.